ಬೋರಲು ತೇಲಿದ ಮಧ್ಯಾಹ್ನ

ಕೊರೊನಾ ಬಂದ ಮೊದಲ ವಸಂತದಲ್ಲಿ, ಡಚ್ಚರ ನಾಡಿನ ನ್ಯೂವೆಗೈನ್ ಊರಿನ ಆಕಾಶದಲ್ಲಿ ವಿಮಾನಗಳೇ ಇರಲಿಲ್ಲ. ಆಸ್ಪತ್ರೆಯ ತುರ್ತು ವಿಭಾಗದ ಗಾಜಿನ ಬಾಗಿಲ ಬಳಿ ನಿಂತಾಗಲೆಲ್ಲ, ಲೋಕದ ಸದ್ದನ್ನೆಲ್ಲ ಯಾರೋ ಹತ್ತಿಯಲ್ಲಿ ಸುತ್ತಿಟ್ಟಿದ್ದಾರೆ ಎಂದು ಡಾಕ್ಟರ್ ಅನಸೂಯಳಿಗೆ ಅನ್ನಿಸುತ್ತಿತ್ತು. ಮಂಜು ಕಟ್ಟಿದ ಕನ್ನಡಕದೊಳಗಿಂದ ನರ್ಸ್‌ಗಳು ನೀರಿನಡಿಯಲ್ಲಿ ನಡೆದಾಡುವವರ ಹಾಗೆ ಕಾಣುತ್ತಿದ್ದರು.

ಮೈಸೂರಿನಲ್ಲಿ ವೈದ್ಯಕೀಯ ಓದಿದವಳು, ಡಚ್ ಕಲಿತು, ಇಲ್ಲಿನ ಪರೀಕ್ಷೆಗಳನ್ನೂ ದಾಟಿ, ಆರಿಸಿಕೊಂಡದ್ದು ತುರ್ತು ಚಿಕಿತ್ಸೆಯನ್ನು. ಈ ಪುಟ್ಟ ದೇಶದಲ್ಲಿ ಅದಿನ್ನೂ ಎಳೆಯ ವಿದ್ಯೆ. ಜ್ವರವೋ ಹೊಟ್ಟೆನೋವೋ, ಜನ ಮೊದಲು ಫೋನ್ ಮಾಡುವುದು ಬಡಾವಣೆಯ ಮನೆವೈದ್ಯರಿಗೆ. ಹಿಂದೆಲ್ಲ ತುರ್ತು ವಿಭಾಗದಲ್ಲಿ ಇರುತ್ತಿದ್ದವರು ಆಗಷ್ಟೇ ಓದು ಮುಗಿಸಿದವರು. ಏನೂ ತೋಚದಿದ್ದರೆ ಮೇಲಿನ ಮಹಡಿಯ ತಜ್ಞರನ್ನು ಕರೆಸುತ್ತಿದ್ದರು. ಬಂದವರನ್ನು ಮೊದಲು ನೋಡುವುದೇ ಒಂದು ಪರಿಣತಿ ಎಂದು ವರ್ಷಗಟ್ಟಲೆ ಹಟ ಹಿಡಿದವರಲ್ಲಿ ವಿಭಾಗದ ಮುಖ್ಯಸ್ಥೆ ವಿಲ್ಲೆಮೈನ್ ಕೂಡ ಒಬ್ಬಳು. ಅವಳೇ ಅನಸೂಯಳನ್ನು ತಿದ್ದಿ ತೀಡಿದವಳು. ಈಗ ಅವಳೂ ಜ್ವರ ಹಿಡಿದು ಮನೆಯಲ್ಲಿ ಮಲಗಿದ್ದಳು.

ಆ ಮಧ್ಯಾಹ್ನ ಆಂಬುಲೆನ್ಸ್‌ನಿಂದ ಇಳಿಸಿದವರ ಹೆಸರು ಅನಂತರಾಮ. ಮಗನ ಮನೆಗೆಂದು ಬಂದು, ವಿಮಾನ ನಿಂತುಹೋಗಿ ಇಲ್ಲೇ ಉಳಿದಿದ್ದರು. ಮಗ ಚರಣ್‌ಗೆ ಒಳಗೆ ಬರಲು ಅನುಮತಿಯಿಲ್ಲ. ಕಾರ್ ನಿಲ್ಲಿಸುವ ಜಾಗದಲ್ಲಿ ಫೋನ್ ಹಿಡಿದು ನಿಂತಿದ್ದ.

"ಏನೇನೋ ಬಡಬಡಿಸ್ತಿದ್ದಾರೆ, ಪ್ರಜ್ಞೆ ಸರಿಯಿಲ್ಲ" ಎಂದಳು ನರ್ಸ್.

ಅನಸೂಯ ಬಗ್ಗಿ ಕಿವಿಗೊಟ್ಟಳು. ಅದು ಬಡಬಡಿಕೆಯಲ್ಲ, ಕನ್ನಡ.

"ಬಾಯಾರಿಕೆ ಆಗ್ತಿದೆ ಅಂತ ಆಗ್ಲಿಂದ ಹೇಳ್ತಾನೇ ಇದೀನಿ, ಯಾರೂ ಕೇಳಿಸ್ಕೊಳ್ತಿಲ್ವಲ್ಲಮ್ಮಾ!"

ಅವಳು ಕನ್ನಡದಲ್ಲೇ ಅಂದಳು: "ಕೊಡಿಸ್ತೀನಿ ಸರ್. ಉಸಿರಾಡೋಕೆ ಕಷ್ಟ ಆಗ್ತಿದ್ಯಾ?"

"ಇಲ್ವಲ್ಲಾ" ಎಂದು ಅವರು ನಕ್ಕರು. ತುಟಿ ಮಾತ್ರ ನೇರಳೆಯಾಗಿತ್ತು. ರಕ್ತದಲ್ಲಿ ಆಮ್ಲಜನಕ ಪಾತಾಳ ಮುಟ್ಟಿದ್ದರೂ ಅವರು ಜಗಲಿಯಲ್ಲಿ ಕೂತವರಂತೆ ಹರಟುತ್ತಿದ್ದರು. ಈ ಕಾಯಿಲೆಯೇ ಹಾಗೆ, ಮುಳುಗುತ್ತಿರುವವರಿಗೆ ಮುಳುಗುತ್ತಿರುವುದು ತಿಳಿಯದು.

ತೀವ್ರ ನಿಗಾ ಘಟಕದ ವೈದ್ಯ ಸ್ಯಾಂಡರ್ ಇಳಿದು ಬಂದ. ಎತ್ತರದ ಆಳು, ದಣಿದ ಕಣ್ಣು. ಪರದೆಯ ಮೇಲಿನ ಆಮ್ಲಜನಕದ ಅಂಕಿ ನೋಡಿದವನೇ, "ನಿದ್ದೆ ಬರಿಸಿ ಗಂಟಲಿಗೆ ಉಸಿರಿನ ಕೊಳವೆ ಹಾಕೋಣ. ಮೇಲೆ ಒಂದೇ ಹಾಸಿಗೆ ಇದೆ" ಎಂದ.

ಆ ವಾರ ಹಾಗೆ ನಿದ್ದೆಗೆ ಜಾರಿದವರಲ್ಲಿ ಹಲವರು ಎದ್ದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಇವರು ದಣಿದಿಲ್ಲ, ಸ್ಯಾಂಡರ್. ಮಾತು ನೆಟ್ಟಗಿದೆ. ಬೋರಲು ಮಲಗಿಸಿ, ಆಮ್ಲಜನಕ ಹೆಚ್ಚಿಸಿ ನೋಡ್ತೀನಿ. ಪಕ್ಕದಲ್ಲೇ ಇರ್ತೀನಿ."

"ತಡವಾದ್ರೆ?"

"ಕೊಳವೆ ಸಿದ್ಧವಾಗಿಟ್ಟಿರ್ತೀನಿ. ಉಸಿರು ಸೋತರೆ ನಾನೇ ಹಾಕ್ತೀನಿ."

ಅವಳು ಕೊಳವೆಯ ತಟ್ಟೆಯನ್ನು ಮಂಚದ ಪಕ್ಕಕ್ಕೆ ಎಳೆದಿಟ್ಟಳು. ವಿಲ್ಲೆಮೈನ್ ಇದ್ದಿದ್ದರೆ ಎಂದುಕೊಂಡಳು. ಸ್ಯಾಂಡರ್ ಮುದುಕರನ್ನೂ ಅವಳನ್ನೂ ಮತ್ತೊಮ್ಮೆ ನೋಡಿದ.

"ನಿನ್ನ ರೋಗಿ. ನಿನ್ನ ತೀರ್ಮಾನ" ಎಂದು ಮಂಚದ ಮತ್ತೊಂದು ಬದಿಗೆ ಬಂದು, ಮಗ್ಗುಲಾಗಿಸಲು ಕೈಜೋಡಿಸಿದ.

"ಸರ್, ಹೊಟ್ಟೆ ಕೆಳಗೆ ಮಾಡಿ ಮಲ್ಕೋಬೇಕು."

"ಬೋರಲಾ? ಅದೇನ್ ಮಹಾ! ಈಜುಕೊಳದಲ್ಲಿ ಮಕ್ಕಳಿಗೆ ಕಲಿಸ್ತಿದ್ದವನು ನಾನು. ಮೈ ಸಡಿಲ ಬಿಟ್ರೆ ನೀರೇ ಎತ್ಕೊಳ್ಳತ್ತೆ."

ಅವರು ಮಗುಚಿಕೊಂಡು ಕೆನ್ನೆಯನ್ನು ದಿಂಬಿಗೊತ್ತಿ, ಕೈಗಳನ್ನು ಮುಂದಕ್ಕೆ ಚಾಚಿದರು. ಅನಸೂಯ ಅವರ ಬೆನ್ನ ಮೇಲೆ ಅಂಗೈಯಿಟ್ಟು ಕೂತಳು. ಆಮ್ಲಜನಕ ಸುಯ್ಯೆಂದು ಹರಿಯುತ್ತಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಅಲುಗಾಡಿ, ಕೋಣೆಯೇ ಒಂದು ತಿಳಿನೀರ ಕೊಳವಾದ ಹಾಗಾಯಿತು. ಅಂಕಿ ಏರಿತು, ತಡೆದು ನಿಂತಿತು, ಇಳಿಯಿತು. ಅವಳು ಕೊಳವೆಯ ತಟ್ಟೆಯತ್ತ ನೋಡಿದಳು. ಕೈ ಚಾಚಲಿಲ್ಲ. ಅಂಗೈ ಕೆಳಗಿನ ಬೆನ್ನು ಏಳುತ್ತ ಬೀಳುತ್ತ ತನ್ನದೇ ಲಯ ಹಿಡಿದಿತ್ತು. ಅವರು ಅರೆನಿದ್ದೆಯಲ್ಲಿ ಯಾವುದೋ ಮಗುವಿಗೆ ಹೇಳುತ್ತಿದ್ದರು: "ಹೆದರ್ಬೇಡ ಪುಟ್ಟಿ, ಬಿಡು, ಮೈ ಬಿಡು." ಅವಳಿಗರಿವಿಲ್ಲದೆಯೇ ಅವಳ ಭುಜಗಳು ಸಡಿಲವಾದವು.

ಅಂಕಿ ಮತ್ತೆ ಮೆಲ್ಲಗೆ ಏರಿತು. ಈ ಸಲ ಇಳಿಯಲಿಲ್ಲ. ತುಟಿಗೆ ಬಣ್ಣ ಬಂತು.

ಅವಳು ಹೊರಗೆ ಹೋಗಿ ಚರಣ್‌ಗೆ ದೂರದಿಂದಲೇ, "ಅಪ್ಪ ಮಲಗಿದ್ದಾರೆ. ಔಷಧಿ ಕೊಟ್ಟು ಬರಿಸಿದ್ದಲ್ಲ, ಅವರದೇ ನಿದ್ದೆ" ಎಂದಳು. ಅವನು ಕಾರಿಗೊರಗಿ ಅತ್ತ.

ಮೇಲೆ ಉಳಿದಿದ್ದ ಆ ಒಂದು ಹಾಸಿಗೆಗೆ ಆ ಸಂಜೆ ಹಾರ್ಲೆಮ್ ಊರಿನ ಒಬ್ಬ ಟೀಚರ್ ಬಂದಳು. ಅವಳು ಬದುಕಿ ಉಳಿಯಲಿಲ್ಲ. ಅನಂತರಾಮರು ವಾರ್ಡಿನಲ್ಲಿ ದಿನಾ ಬೋರಲು ಮಲಗಿ, ಕೊಳವೆಯಿಲ್ಲದೆಯೇ ಚೇತರಿಸಿಕೊಂಡರು. ಆಮೇಲೆ ಸ್ಯಾಂಡರ್ ತನ್ನ ಕೈಕೆಳಗಿನ ಕಿರಿಯರನ್ನು ತುರ್ತು ವಿಭಾಗಕ್ಕೆ ಕರೆತಂದು, "ಮೊದಲ ಗಂಟೆ ಹೇಗಿರಬೇಕು ಅಂತ ಇವಳನ್ನ ನೋಡಿ ಕಲೀರಿ" ಎಂದ. ಅನಸೂಯ ವಿಲ್ಲೆಮೈನ್‌ಗೆ ಫೋನಿನಲ್ಲಿ ಇದನ್ನು ಹೇಳಿದಾಗ ಆ ಕಡೆಯಿಂದ ಬರೀ ಕೆಮ್ಮು, ಆಮೇಲೆ ಬಹಳ ಹೊತ್ತಿನ ನಗು.

ಮನೆಗೆ ಹೊರಟ ದಿನ ಅನಂತರಾಮರು ಗಾಲಿಕುರ್ಚಿಯಲ್ಲಿ ಕೂತು ಕೇಳಿದರು: "ನೀವು ಯಾವ ಡಾಕ್ಟ್ರಮ್ಮಾ, ಹಾರ್ಟಾ, ಲಂಗ್ಸಾ?"

"ಮೊದಲು ನೋಡೋ ಡಾಕ್ಟರ್, ಸರ್."

"ಅಂಥವರೂ ಇರ್ತಾರಾ?"

"ಈಗೀಗ ಆಗ್ತಿದೀವಿ."

ಬಾಗಿಲು ತೆರೆದುಕೊಂಡಿತು. ಎಲ್ಮ್ ಮರಗಳ ತೆಳುಬೀಜಗಳು ಕಾಗದದ ಚೂರುಗಳಂತೆ ಗಾಳಿಯಲ್ಲಿ ಸುಳಿದಾಡುತ್ತಿದ್ದವು. ಅವರು ಮುಖವೆತ್ತಿ, ಬಾಯ್ತುಂಬ ಗಾಳಿ ಎಳೆದುಕೊಂಡರು. ಒಂದು ಬೀಜ ಅವರ ಹುಬ್ಬಿನ ಮೇಲೆ ಬಂದು ಕೂತಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.