ಎಡಗಿವಿಯ ಹಿಂದಿನ ಮೆಟ್ಟಿಲು

ಕ್ಷೌರದಂಗಡಿಯವರನ್ನು ಚಿತ್ರಪ್ರದರ್ಶನದ ಉದ್ಘಾಟನೆಗೆ ಯಾರಾದರೂ ಕರೆಯುತ್ತಾರೆಯೇ ಹೇಳಿ? ಆದರೂ ಕರೆ ಬಂದಿತ್ತು. ಪ್ರತಿ ತಿಂಗಳೂ ವಯಸ್ಸಾದ ತಂದೆಯ ಕೈಹಿಡಿದು ಕಟಿಂಗಿಗೆ ಕರೆತಂದು, ಬೆಂಚಿನ ಮೇಲೆ ಕೂತು ಪುಸ್ತಕದಲ್ಲಿ ಏನೋ ಗೀಚುತ್ತಿದ್ದ ಹೆಂಗಸು ತಾನೇ ಬಂದು ದಪ್ಪ ಕಾಗದದ ಕಾರ್ಡು ಕೊಟ್ಟುಹೋಗಿದ್ದಳು. ಆಕೆ ಚಿತ್ರಗಾರ್ತಿ ಎಂಬುದು ಅಂಗಡಿಯ ಅಣ್ಣತಮ್ಮಂದಿರಿಗೆ ತಿಳಿದದ್ದೇ ಅಂದು. ಅಷ್ಟು ದಿನವೂ ದಿನಸಿ ಪಟ್ಟಿ ಬರೆಯುತ್ತಾಳೆ ಅಂದುಕೊಂಡಿದ್ದರು.

ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಪಕ್ಕದ್ದು ಅಣ್ಣನದು, ಒಳಗಿನದು ತಮ್ಮನದು. ಗಿರಾಕಿಗಳು ಅಣ್ಣನಿಗೆ ದೊಡ್ಡ ಕತ್ತರಿ, ತಮ್ಮನಿಗೆ ಚಿಕ್ಕ ಕತ್ತರಿ ಎಂದು ಹೆಸರಿಟ್ಟು ಮೂವತ್ತು ವರ್ಷವಾಗಿತ್ತು. ಚಿಕ್ಕ ಕತ್ತರಿಗೂ ಈಗ ಐವತ್ತೆರಡು ವಯಸ್ಸು, ಹೆಸರು ಮಾತ್ರ ಇನ್ನೂ ಚಿಕ್ಕದೇ.

ರಜೆಯ ದಿನ, ಸಂಜೆ ನಾಲ್ಕಕ್ಕೆ ಇಬ್ಬರೂ ಇಸ್ತ್ರಿ ಅಂಗಿ ತೊಟ್ಟು ಹೊರಟರು. ಚಿಕ್ಕ ಕತ್ತರಿಗೆ ಕುತೂಹಲವೇನೋ ಬೆಟ್ಟದಷ್ಟಿತ್ತು, ಆದರೆ ಹೊಟ್ಟೆಯೊಳಗೆ ಬೇರೊಂದು ಮಾತೂ ಕೂತಿತ್ತು. ಎರಡು ವರ್ಷದಿಂದ ಅಣ್ಣನ ಕೈ ನಡುಗುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ 'ಪರವಾಗಿಲ್ಲ, ಕಾಯ್ತೀನಿ' ಎಂದು ತಮ್ಮನ ಕುರ್ಚಿಯ ಸರದಿಗೆ ಕೂರುತ್ತಿದ್ದರು. ಅಣ್ಣ ತನ್ನ ಖಾಲಿ ಕುರ್ಚಿಯನ್ನು ಒರೆಸಿದ್ದೇ ಒರೆಸಿದ್ದು. ಹೋದ ವಾರವಂತೂ ಒಬ್ಬರ ಕಿವಿಗೆ ಕತ್ತರಿ ತಾಗಿ ರಕ್ತ ಬಂದಿತ್ತು. 'ನಿಮ್ಮಣ್ಣನಿಗೆ ಹೇಳಿ ಕೆಲಸ ಬಿಡಿಸಿ. ಇವತ್ತು ಹೇಳದೆ ಮನೆಗೆ ಬರಬೇಡಿ' ಎಂದು ಹೆಂಡತಿ ಬಾಗಿಲಲ್ಲೇ ತಾಕೀತು ಮಾಡಿದ್ದಳು. ಹೇಳುವುದು ಸುಲಭವೇ? ಕತ್ತರಿ ಹಿಡಿಯಲು ಕಲಿಸಿದವನಿಗೇ ಕತ್ತರಿ ಕೆಳಗಿಡು ಎನ್ನಬೇಕು. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಚಿತ್ರ ನೋಡಿ ವಾಪಸು ಬರುವಾಗ ದಾರಿಯಲ್ಲಿ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿದ್ದ.

ಗ್ಯಾಲರಿಯೊಳಗೆ ಎಲ್ಲ ಗೋಡೆಯೂ ಬಿಳಿ. ಜನ ಗಾಜಿನ ಲೋಟದಲ್ಲಿ ಹಣ್ಣಿನ ರಸ ಹಿಡಿದು, ರೋಗಿ ಮಲಗಿರುವ ಮನೆಯಲ್ಲಿ ಮಾತಾಡುವಂತೆ ಪಿಸುಪಿಸು ಅನ್ನುತ್ತಿದ್ದರು. ಮುಖ್ಯ ಅತಿಥಿ ರಿಬ್ಬನ್ ಕತ್ತರಿಸಲು ನಾಲ್ಕು ಸಲ ಕಚಕಚ ಅನ್ನಿಸಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

"ಸಾಣೆ ಹಿಡಿಸಿಲ್ಲ ಕಣೋ" ಎಂದು ಅಣ್ಣ ಕಿವಿಯಲ್ಲಿ ಉಸುರಿದ.

"ಹಿಡಿದಿರೋ ರೀತಿ ನೋಡು, ಸೊಪ್ಪು ಕೊಯ್ಯೋಕೆ ಬಂದೋರ ಥರ" ಎಂದ ತಮ್ಮ. ಇಬ್ಬರೂ ಕರವಸ್ತ್ರಕ್ಕೆ ಬಾಯಿ ಒತ್ತಿಕೊಂಡು ನಕ್ಕರು.

ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು? ಇದು ಚಿಕ್ಕ ಕತ್ತರಿಗೆ ಬಂದ ಮೊದಲ ಅನುಮಾನ. ಬೇರೆಯವರನ್ನು ನೋಡಿದ. ಅವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, 'ಹ್ಞೂಂ' ಎಂದು ಮುಂದಕ್ಕೆ ಹೋಗುತ್ತಿದ್ದರು. ತಾನೂ ಹಾಗೇ ಮಾಡಿದ. ಹಾಗೆ ಹಿಂದೆ ಸರಿದಾಗಲೇ ಒಂದು ವಿಚಿತ್ರ ಕಂಡಿತು. ಹತ್ತಿರದಿಂದ ಬರೀ ಬಣ್ಣದ ಮುದ್ದೆಯಾಗಿದ್ದದ್ದು ದೂರ ಬಂದೊಡನೆ ನೀರು ತುಂಬಿದ ಬಟ್ಟಲಾಗಿ ಕೂತಿತು. ಅಲ್ಲಾ, ಎಲ್ಲಿ ನಿಂತಾಗ ಮುದ್ದೆ ಬಟ್ಟಲಾಗುತ್ತದೆ? ಅವನಿಗೆ ಅದು ಗೊತ್ತಾಗಲೇಬೇಕಿತ್ತು. ಮುಂದೆ ಹೋದ, ಹಿಂದೆ ಬಂದ, ಮತ್ತೆ ಮುಂದೆ ಹೋದ.

"ಅಣ್ಣ, ಬಾ ಇಲ್ಲಿ. ಗೋಡೆಯಿಂದ ನಾಲ್ಕನೇ ಟೈಲ್ಸ್ ಮೇಲೆ ನಿಂತ್ಕೋ. ಬಟ್ಟಲಾಯ್ತಾ?"

ದೊಡ್ಡ ಕತ್ತರಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದ. "ಇಲ್ಲಪ್ಪ. ನಂಗೆ ಐದನೇದು. ಈಗ ಆಯ್ತು ನೋಡು. ಎಲಾ ಇದರ!"

ಇಬ್ಬರು ನರೆತಲೆಯವರು ನೆಲ ಎಣಿಸುತ್ತಾ ಹಿಂದೆ ಮುಂದೆ ಓಡಾಡುವುದನ್ನು ಕಂಡು ಜನ ದಾರಿ ಬಿಟ್ಟರು. ಚಿಕ್ಕ ಕತ್ತರಿಗೆ ಅಣ್ಣನ ಮುಖದ ಹಿಗ್ಗು ನೋಡಿ ಸಂಕಟವಾಯಿತು. ಇನ್ನೊಂದು ಗಂಟೆಯಲ್ಲಿ ಈ ಮುಖಕ್ಕೆ ಆ ಮಾತು ಹೇಳಬೇಕಲ್ಲ.

ಕೊನೆಯ ಗೋಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರವಿತ್ತು. ಹೆಸರು 'ಸುಳಿ'. ಅದರ ಮುಂದೆ ದಪ್ಪ ಕನ್ನಡಕದವರೊಬ್ಬರು ಏಳೆಂಟು ಜನಕ್ಕೆ ವಿವರಿಸುತ್ತಿದ್ದರು. "ಇದು ಬದುಕಿನ ಸುಳಿ. ಎಲ್ಲವನ್ನೂ ಒಳಗೆ ಎಳೆದುಕೊಳ್ಳುವ ಕಪ್ಪು ನೀರು. ಕೆಳಗೆ ಕಂದುಬಣ್ಣ ಇದೆಯಲ್ಲ, ಅದು ದಡ. ಯಾರೂ ಮುಟ್ಟಲಾರದ ದಡ."

ಚಿಕ್ಕ ಕತ್ತರಿ ನೋಡಿದ. ಕಪ್ಪು, ಬೂದು ಗೆರೆಗಳು ಒಂದು ಬಿಂದುವಿನ ಸುತ್ತ ಬಲಕ್ಕೆ ತಿರುಗಿದ್ದವು.

"ಅಯ್ಯೋ, ನೀರಲ್ಲ ಸ್ವಾಮಿ, ತಲೆ ಇದು!" ಬಾಯಿಂದ ಜಾರಿಯೇ ಹೋಯಿತು. "ನೆತ್ತಿ ಸುಳಿ. ಹಿಂದಗಡೆಯಿಂದ ನೋಡಿ ಬರೆದಿರೋದು. ನೀವು ದಡ ಅಂದ್ರಲ್ಲ, ಅದು ಕತ್ತು."

ಜನ ತಿರುಗಿ ನೋಡಿದರು. ಆಮೇಲೆ ಚಿತ್ರ ನೋಡಿದರು. ಒಬ್ಬಾಕೆ "ಹೌದಲ್ರೀ!" ಎಂದಳು. ಕನ್ನಡಕದವರು, ದೊಡ್ಡ ಮನಸ್ಸಿನವರು, "ಹೇಗೆ ಗೊತ್ತಾಯ್ತು?" ಎಂದು ಕೇಳಿದರು.

"ದಿನಾ ನೋಡೋದು ಇದನ್ನೇ ಅಲ್ವಾ, ನಮ್ಮದು ಕಟಿಂಗ್ ಶಾಪು. ಎರಡು ಸುಳಿ ಇದ್ರೆ ಎರಡು ಮದುವೆ ಅಂತಾರೆ. ಈ ಮನುಷ್ಯನಿಗೆ ಒಂದೇ ಸುಳಿ, ಬಚಾವಾದ." ಎಲ್ಲರೂ ನಕ್ಕರು. "ಐವತ್ತು ದಾಟಿದೆ. ನೆತ್ತಿ ಬೋಳಾಗ್ತಾ ಇದೆ. ಪಾಪ, ಅವನಿಗೆ ಅದು ಗೊತ್ತಿಲ್ಲ."

ಅಣ್ಣ ಹಿಂದಿನಿಂದ ತೋಳು ಜಗ್ಗಿದ. "ಸಾಕು ಬಾರೋ."

ಅಣ್ಣನಿಗೆ ಜನರೆಂದರೆ ನಾಚಿಕೆ ಎಂದುಕೊಂಡು ಚಿಕ್ಕ ಕತ್ತರಿ ತೋಳು ಬಿಡಿಸಿಕೊಂಡ. ಹುಟ್ಟಿದಾಗಿನಿಂದ ಇಷ್ಟು ಓದಿದ ಜನ ಅವನ ಮಾತಿಗೆ ಕಿವಿಗೊಟ್ಟಿರಲಿಲ್ಲ, ಮನುಷ್ಯ ಹಿಗ್ಗಿ ಹೀರೇಕಾಯಿಯಾಗಿದ್ದ.

"ಇನ್ನೇನು ಕಾಣುತ್ತೆ?" 'ಹೌದಲ್ರೀ' ಎಂದಿದ್ದಾಕೆ ಕೇಳಿದಳು.

"ಕಟಿಂಗ್ ಮಾಡಿದೋನು ಕಾಣ್ತಾನೆ" ಎಂದು ಚಿತ್ರದ ಎಡಗಿವಿಯ ಹಿಂಭಾಗ ತೋರಿಸಿದ. "ಕೂದಲು ಇಲ್ಲಿ ಇಳಿಜಾರಾಗಿ ಇಳೀಬೇಕು. ನೋಡಿ, ಧಪ್ ಅಂತ ಮೆಟ್ಟಿಲು ಬಿದ್ದಿದೆ. ಕೈ ನಿಂತಿಲ್ಲ. ಅದನ್ನ ಮುಚ್ಚೋಕೆ ಹೋಗಿ ಪಕ್ಕದಲ್ಲಿ ಇನ್ನೊಂದು ಮಾಡಿದ್ದಾನೆ. ಇಂಥವನು ಕತ್ತರಿ ಕೆಳಗಿಟ್ಟು ಮನೇಲಿ ಕೂರಬೇಕಪ್ಪ. ಬೇರೆಯೋರ ತಲೆ ಯಾಕೆ ಹಾಳು ಮಾಡಬೇಕು?"

ಯಾರೋ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಚಿತ್ರಗಾರ್ತಿ ಜನರ ನಡುವಿನಿಂದ ನುಗ್ಗಿ ಬಂದಳು. ಮುಖದ ತುಂಬ ನಗು.

"ನಿಮ್ಮ ತಲೆ ನೀವೇ ಪತ್ತೆ ಹಚ್ಚಿದ್ರಾ? ಹೇಳಬಾರದು, ನೋಡೋಣ ಅಂತ ಸುಮ್ಮನಿದ್ದೆ! ಅವತ್ತು ಅಪ್ಪನ ಸರದಿಗೆ ಮುಂಚೆ ನಿಮ್ಮಣ್ಣ ನಿಮಗೆ ಕಟಿಂಗ್ ಮಾಡ್ತಿದ್ರಲ್ಲ, ಆಗ ಬರ್ಕೊಂಡಿದ್ದು."

ಚಿಕ್ಕ ಕತ್ತರಿ ಮತ್ತೆ ಚಿತ್ರದ ಕಡೆ ನೋಡಿದ. ಊರ ಜನರ ತಲೆಗಳನ್ನೆಲ್ಲ ಹಿಂದಿನಿಂದಲೇ ಗುರುತಿಸುವವನು ತನ್ನದನ್ನು ಗುರುತಿಸಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಿದರೇ? ಕಾಣಿಸಿಕೊಳ್ಳಲು ಕನ್ನಡಿಯೇನೋ ಇತ್ತು. ಕಟಿಂಗ್ ಮುಗಿದ ಮೇಲೆ ಅಣ್ಣ ಹಿಂದೆ ಕೈಗನ್ನಡಿ ಹಿಡಿದು 'ನೋಡ್ಕೋ' ಎನ್ನುತ್ತಿದ್ದ. ಎರಡು ವರ್ಷದಿಂದ ಚಿಕ್ಕ ಕತ್ತರಿ ಕಣ್ಣು ಮುಚ್ಚಿಕೊಂಡು 'ಚೆನ್ನಾಗಿದೆ' ಎನ್ನುತ್ತಿದ್ದ. ಏನು ಕಾಣುತ್ತದೋ ಎಂಬ ಹೆದರಿಕೆ ಅವನಿಗೆ. ತಿರುಗಿ ನೋಡಿದರೆ ಅಣ್ಣ ಅಲ್ಲಿರಲಿಲ್ಲ.

ಹೊರಗೆ ಹಜಾರದ ಬೆಂಚಿನ ಮೇಲೆ ದೊಡ್ಡ ಕತ್ತರಿ ಒಬ್ಬನೇ ಕೂತಿದ್ದ. ಕೈಯೆರಡನ್ನೂ ತೊಡೆಯ ಕೆಳಗೆ ಸೇರಿಸಿಕೊಂಡಿದ್ದ. ತಮ್ಮ ಹೋಗಿ ಪಕ್ಕದಲ್ಲಿ ಕುಸಿದ.

"ತಪ್ಪಾಯ್ತು ಅಣ್ಣ. ನನ್ನ ನಾಲಿಗೆಗೆ ಬೆಂಕಿ ಹಾಕ."

"ಯಾವುದು ತಪ್ಪು? ಇವತ್ತು ಹೇಳಿದ್ದಾ, ಇಷ್ಟು ದಿನ ಹೇಳದೆ ಇದ್ದಿದ್ದಾ?"

ಚಿಕ್ಕ ಕತ್ತರಿಯ ಕೈ ತನ್ನ ಎಡಗಿವಿಯ ಹಿಂದಕ್ಕೆ ಹೋಯಿತು.

"ಕೈ ನಂದು ಕಣೋ, ನಡುಗೋದು ನಂಗೆ ಗೊತ್ತಿರಲ್ವಾ?" ಅಣ್ಣ ಗೋಡೆ ನೋಡುತ್ತಾ ಹೇಳಿದ. "ಗಿರಾಕಿಗಳು ಕಾಯ್ತೀನಿ ಅಂದಾಗಲೂ ಅರ್ಥ ಆಗ್ತಿತ್ತು. ಬಿಟ್ಟುಬಿಡೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಆದ್ರೆ ತಿಂಗಳಿಗೊಂದು ಸಲ ನೀನು ಬಂದು ನನ್ನ ಕುರ್ಚೀಲಿ ಕೂತ್ಕೋತಿದ್ದೆ. ಚೆನ್ನಾಗಿದೆ ಅಣ್ಣ ಅಂತಿದ್ದೆ. ಕೆಲಸ ಬಲ್ಲೋನು, ನಾನೇ ಕಲಿಸಿದೋನು, ಇವನು ಚೆನ್ನಾಗಿದೆ ಅಂದ್ರೆ ಚೆನ್ನಾಗಿರುತ್ತೆ ಅಂತ ಅದೊಂದೇ ಮಾತು ನಂಬ್ಕೊಂಡು ಕತ್ತರಿ ಹಿಡಿದೆ. ಹೋದ ವಾರ ಆ ಮನುಷ್ಯನ ಕಿವಿ ಕುಯ್ದೆನಲ್ಲೋ!"

ಚಿಕ್ಕ ಕತ್ತರಿಗೆ ದುಃಖ ಉಕ್ಕಿ ಬಂತು. ಮರೆಮಾಚಲಿಲ್ಲ, ಅತ್ತ. ಒಳಗಿನಿಂದ ಬಂದ ಇಬ್ಬರು ನೋಡಿ ಬೇರೆ ಕಡೆ ತಿರುಗಿಕೊಂಡರು. ಅಳು ನಿಂತ ಮೇಲೆ ಮುಖ ಒರೆಸಿಕೊಂಡು, ಅಣ್ಣನ ಕಡೆ ಪೂರ್ತಿ ತಿರುಗಿ ಕೂತ.

"ಅಣ್ಣ, ಕಟಿಂಗ್ ಚೆನ್ನಾಗಿಲ್ಲ. ಎರಡು ವರ್ಷ ಆಯ್ತು. ಕತ್ತರಿ ಕೆಳಗಿಡು."

ದೊಡ್ಡ ಕತ್ತರಿ ತಮ್ಮನ ಮುಖವನ್ನೇ ನೋಡಿದ. ತೊಡೆಯ ಕೆಳಗಿನಿಂದ ಕೈಗಳನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡ. ಅವು ನಡುಗುತ್ತಿದ್ದವು.

"ಸರಿ, ಇಟ್ಟೆ" ಎಂದ.