ಹಾಲು ಬತ್ತಿದ ದೂರು

ಮಗುವಿನ ನಾಮಕರಣದ ಹಿಂದಿನ ಸಂಜೆ, ಡಲ್ಲಾಸ್ ಬಳಿಯ ಮರ್ಫಿ ಎಂಬ ಊರಿನ ಶಕುಂತಲಾಳ ಮನೆಯಲ್ಲಿ ಹೆಂಗಸರು ಕೂತು ಕಾಯಿ ತುರಿಯುತ್ತಿದ್ದರು. ಆಸ್ಟಿನ್‌ನಲ್ಲಿ ಇತಿಹಾಸ ಓದುತ್ತಿದ್ದ ಅವಳ ನಾದಿನಿ ನಿಹಾರಿಕಾ ಅದೇ ಮಧ್ಯಾಹ್ನ ಬಂದಿದ್ದಳು. ಏನು ಓದುತ್ತೀಯೆಂದು ಯಾರೋ ಕೇಳಿದ್ದಕ್ಕೆ ನಾನೂರು ವರ್ಷದ ಹಿಂದಿನ ಸ್ಕಾಟ್‌ಲೆಂಡಿನ ಕಥೆ ತೆಗೆದಳು. ಬಡ ಹೆಂಗಸೊಬ್ಬಳು ನೆರೆಮನೆಗೆ ಹಾಲು ಕೇಳಲು ಹೋಗಿ, ಬೈಸಿಕೊಂಡು, ಗೊಣಗುತ್ತಾ ಹಿಂದಿರುಗಿದಳಂತೆ. ಮರುದಿನ ಆ ಮನೆಯ ಹಸುವಿನ ಹಾಲು ಬತ್ತಿತು. ಒಬ್ಬರು ಅವಳನ್ನು ಮಾಟಗಾತಿ ಎಂದದ್ದೇ ತಡ, ಊರಿನವರಿಗೆಲ್ಲ ತಮ್ಮ ತಮ್ಮ ಹಳೆಯ ಸಾವುನೋವು ನೆನಪಾದವು. ನಿದ್ದೆಗೊಡದೆ ಕಾಡಿ, ತಪ್ಪೊಪ್ಪಿಸಿ, ಕೊನೆಗೆ ಕತ್ತು ಹಿಸುಕಿ ಸುಟ್ಟರು.

ಎಂಥ ಮೂಢ ಜನ ಎಂದು ಎಲ್ಲರೂ ಮರುಗಿದರು.

ಕಾಯಿ ಮುಗಿಯುವಷ್ಟರಲ್ಲಿ ಮಾತು ಕುಮುದಾಳ ಕಡೆ ಹೊರಳಿತು. ಹತ್ತಿರದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಕುಮುದಾ ಶಕುಂತಲಾಳ ಗೆಳತಿ. ಹಿಂದಿನ ವರ್ಷ ಅವಳ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅವಳು ಮನೆಗೆ ಬಂದುಹೋದ ವಾರವೇ ತನ್ನ ಗಂಡನಿಗೆ ಲೇಆಫ್ ಆಯಿತೆಂದು ಒಬ್ಬರು, ಮಗಳಿಗೆ ಜ್ವರ ಬಂತೆಂದು ಇನ್ನೊಬ್ಬರು. ಆ ಎರಡು ಸಾವಿರದ ಎರಡನೇ ಇಸವಿಯಲ್ಲಿ ಡಲ್ಲಾಸ್ ಸುತ್ತ ಲೇಆಫ್ ತಟ್ಟದ ಮನೆಯೇ ಅಪರೂಪವೆಂಬುದು ಯಾರಿಗೂ ನೆನಪಾಗಲಿಲ್ಲ.

ಶಕುಂತಲಾ ತಲೆ ತಗ್ಗಿಸಿದ್ದಳು. ಕುಮುದಾ ಮಗುವನ್ನು ಎತ್ತಿ ಆಡಿಸಿದ ಮರುದಿನವೇ ಶಕುಂತಲಾಳ ಎದೆಹಾಲು ಕಡಿಮೆಯಾಗಿತ್ತು. ಆಯಾಸ ಅಷ್ಟೇ ಎಂದಿದ್ದರು ಡಾಕ್ಟರ್. ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

ಎಲ್ಲರೂ ಹೋದ ಮೇಲೆ, ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ತಾಯಿ ಲಲಿತಮ್ಮ ಫೋನ್ ತಂದು ಮಗಳ ಮುಂದಿಟ್ಟರು.

"ನಾಳೆ ಬರಬೇಡ ಅಂತ ಹೇಳ್ಬಿಡು. ಅವಳನ್ನ ಕೆಟ್ಟೋಳು ಅಂತಿಲ್ಲ ನಾನು. ಆದ್ರೆ ಮಗೂಗೆ ಏನಾದ್ರೂ ಆದ್ರೆ ಹೇಗೆ ಸಹಿಸ್ಲಿ?"

ಶಕುಂತಲಾ ನಾದಿನಿಯ ಕಡೆ ತಿರುಗಿದಳು. "ಅಲ್ಲಿ ಆ ಹೆಂಗಸಿನ ಪರ ಯಾರೂ ಮಾತಾಡ್ಲಿಲ್ವಾ?"

"ಹೆದರ್ತಿದ್ರು ಅತ್ತಿಗೆ. ಪರ ಮಾತಾಡಿದವರ ಮೇಲೂ ಅನುಮಾನ ಬರ್ತಿತ್ತು."

ಶಕುಂತಲಾ ಫೋನ್ ಮಾಡಲಿಲ್ಲ. ಅದು ಧೈರ್ಯವೋ, ಹೇಗೆ ಹೇಳುವುದೆಂಬ ಸಂಕೋಚವೋ, ಅವಳಿಗೇ ತಿಳಿಯಲಿಲ್ಲ.

ಮರುದಿನ ಕುಮುದಾ ಬಂದಳು. ತಾನೇ ಹೆಣೆದ ಕುಲಾವಿ ತಂದಿದ್ದಳು. ಒಳಗಿನ ಮಾತು ಗಕ್ಕನೆ ನಿಂತಿತು. ಒಬ್ಬಾಕೆ ತನ್ನ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಕುಮುದಾ ಅದನ್ನು ನೋಡಿದಳು. ಕುಲಾವಿಯನ್ನು ಬಾಗಿಲ ಬಳಿಯ ಕುರ್ಚಿಯ ಮೇಲಿಟ್ಟು, ಏನೋ ಕೆಲಸವಿದೆ, ಹೊರಡುತ್ತೇನೆ ಎಂದಳು. ತನ್ನ ಬಗೆಗಿನ ಮಾತೆಲ್ಲ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಶಕುಂತಲಾಳಿಗೆ ಆಗ ಹೊಳೆಯಿತು.

"ನಿಲ್ಲು ಕುಮುದಾ. ಮಗೂನ ತೊಟ್ಟಿಲಿಗೆ ನೀನೇ ಹಾಕ್ಬೇಕು."

ಲಲಿತಮ್ಮನ ಮುಖ ಬಿಳಿಚಿಕೊಂಡಿತು. ಶಕುಂತಲಾ ಮಗುವನ್ನು ಗೆಳತಿಯ ತೋಳಿಗಿತ್ತಳು. ಇತ್ತದ್ದೇ ತಡ, ಮಗು ಕಿಟಾರನೆ ಚೀರಿತು. ಎಲ್ಲರ ಕಣ್ಣೂ ಅತ್ತಲೇ. ಕಿತ್ತುಕೊಳ್ಳಲು ಶಕುಂತಲಾಳ ಕೈ ತಾನಾಗಿ ಮುಂದೆ ಹೋಯಿತು. ಆ ಕೈಯನ್ನು ಅವಳು ಕುಮುದಾಳ ಹೆಗಲ ಮೇಲಿಟ್ಟಳು.

"ಮಕ್ಕಳು ಅಳ್ತವೆ. ನೀನು ಎತ್ಕೊಂಡಿರು."

ಇಬ್ಬರು ತಾಂಬೂಲಕ್ಕೂ ಕಾಯದೆ ಎದ್ದುಹೋದರು. ಮಗು ಅಳುತ್ತಲೇ ಇತ್ತು. ಕುಮುದಾಳ ತೋಳಿನಲ್ಲಿ ಅದರ ಕತ್ತು ಹಿಂದಕ್ಕೆ ವಾಲಿತ್ತು. ಲಲಿತಮ್ಮ ಮೆಲ್ಲಗೆ ಹತ್ತಿರ ಬಂದರು.

"ಕತ್ತಿನ ಕೆಳಗೆ ಕೈ ಕೊಡಮ್ಮ," ಎಂದರು. "ಹಾಂ, ಹಾಗೆ."