ಬೋನಾಳದಿಂದ ಬಂದ ಪದ

ಏಕತಾರಿ ಬಗಲಲ್ಲಿಟ್ಟುಕೊಂಡು ತಿಮ್ಮವ್ವ ಗುಂಡಿಯತ್ತ ನಡೆದಾಗ ಪಾಸ್ಟರ್ ಸಂಜೀವಕುಮಾರ್ ಕೈ ಅಡ್ಡ ಹಿಡಿದರು. ಯಾದಗಿರಿಯ ಕ್ರೈಸ್ತರ ಮಸಣದಲ್ಲಿ ಜನ ಕಿಕ್ಕಿರಿದಿದ್ದರು. ಪೆಟ್ಟಿಗೆಯಲ್ಲಿ ಮಲಗಿದ್ದವರು ಹಳೆಯ ಪಾಸ್ಟರ್ ದೇವಪುತ್ರಪ್ಪ, ಸಂಜೀವಕುಮಾರರಿಗೆ ದೇವರ ಮಾತು ಕಲಿಸಿದ ಗುರು. ತಿಮ್ಮವ್ವ ಬೋನಾಳ ಊರಿನ ತತ್ವಪದ ಹಾಡುವಾಕೆ. ಅವರು ತೀರಿಕೊಂಡರೆಂದು ಕೇಳಿ, ಒಂದು ಪದ ಹೇಳಿ ಕಳಿಸೋಣವೆಂದು ಮೊದಲ ಬಸ್ಸಿಗೇ ಬಂದಿದ್ದಳು.

"ಇಲ್ಲಿ ಬರೇ ನಮ್ಮ ಕೀರ್ತನಿ ಹಾಡ್ತಾರವ್ವ," ಎಂದರು ಸಂಜೀವಕುಮಾರ್.

ಮನುಷ್ಯ ಕೆಟ್ಟವರಲ್ಲ, ಆದರೆ ಸಭೆಯ ಹಿರಿಯರ ಕಣ್ಣು ಬೆನ್ನ ಮೇಲಿತ್ತು. ಅತ್ತ ದರಿ, ಇತ್ತ ಪುಲಿ. ಕೊನೆಗೆ ದೇವಪುತ್ರಪ್ಪನವರ ಹೆಂಡತಿ ಸುಗಂಧಮ್ಮನ ಕಡೆ ತಿರುಗಿ, ಅಮ್ಮ ಹೇಳಿದಂತೆ ಆಗಲಿ ಎಂದುಬಿಟ್ಟರು. ಹಿರಿಯರಿಗೆ ಸಮಾಧಾನವಾಯಿತು. ಬೋನಾಳದ ಹೆಸರೆತ್ತಿದರೆ ಸುಗಂಧಮ್ಮ ಉರಿದುಬೀಳುವುದು ಎಲ್ಲರಿಗೂ ಗೊತ್ತಿತ್ತು.

*

ತಿಂಗಳಿಗೊಮ್ಮೆ ದೇವಪುತ್ರಪ್ಪ ಬೋನಾಳಕ್ಕೆ ಹೋಗಿ ತಿಮ್ಮವ್ವನ ಮನೆಯ ಕಟ್ಟೆಯ ಮೇಲೆ ಕೂತು ಪದ ಕೇಳಿ ಬರುತ್ತಿದ್ದರು. ಬೈಬಲ್ಲಿನಲ್ಲಿ ಸಿಗದ ಜ್ಞಾನ ಆ ಮುದುಕಿಯ ಬಳಿ ಏನಿದೆ ಎಂದು ಸುಗಂಧಮ್ಮ ಒಮ್ಮೆ ರೊಟ್ಟಿ ಬಡಿಯುವುದನ್ನು ಬಿಟ್ಟು ಜಗಳ ತೆಗೆದಿದ್ದಳು.

ಅವರು ಸಿಟ್ಟಾಗಲಿಲ್ಲ. ಯೇಸುವಿನ ನಂತರದ ಮೊದಮೊದಲ ಗುರುಗಳ ಕತೆ ಹೇಳಿದರು. ಗ್ರೀಕರ ಜ್ಞಾನ ನಮಗೇಕೆ ಎಂದು ಕೆಲವರು ಬಾಗಿಲು ಹಾಕಿಕೊಂಡರಂತೆ. ಸತ್ಯ ಎಲ್ಲಿದ್ದರೂ ದೇವರದೇ ಎಂದು ಇನ್ನು ಕೆಲವರು ಹುಡುಕಿ ಹೊರಟರಂತೆ.

"ತನ್ನ ವಾಕ್ಯ ಅನ್ನೋ ಬೀಜ ದೇವ್ರು ಎಲ್ಲಾ ಹೊಲಕ್ಕೂ ಚೆಲ್ಯಾನ ಅಂತ ಹೇಳ್ಯಾರ ಅವರು. ನಾ ಬೆಳಿ ನೋಡಾಕ ಹೊಂಟೀನಿ, ಅಷ್ಟ."

ಸುಗಂಧಮ್ಮ ಒಂದು ದಿನವೂ ಜೊತೆಗೆ ಹೋಗಲಿಲ್ಲ. ಗಂಡ ನಂಬಿಕೆಯ ದಾರಿ ತಪ್ಪಿದರೇನೋ ಎಂಬ ಭಯ ಇಂದಿಗೂ ಅವಳ ಎದೆ ಕೊರೆಯುತ್ತಿತ್ತು.

*

"ಇಷ್ಟು ವರ್ಷ ಏನ್ ಕೇಳಾಕ ಹೋಗ್ತಿದ್ರು ಅಂತ ನನಗಿನ್ನೂ ಗೊತ್ತಿಲ್ರಿ," ಎಂದಳು ಸುಗಂಧಮ್ಮ. "ಇವತ್ತರ ಕೇಳ್ತೀನಿ. ಹಾಡವ್ವ."

ತಿಮ್ಮವ್ವ ತಂತಿ ಮೀಟಿದಳು.

ಅರಿವ ಹುಡುಕುತ ಹೊಂಟೆ ಊರೂರು ತಿರುಗೀ
ಅರಿವೇ ನನ್ನ ಹುಡುಕುತ ಬಂತು ಮನಿಯ ಬಾಗಿಲಿಗೀ

ಸುಗಂಧಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ದುಃಖದಲ್ಲೂ ಎದೆ ಹಗುರಾಯಿತು. ದೇವರೇ ನಮ್ಮನ್ನು ಹುಡುಕಿಕೊಂಡು ಬರುತ್ತಾನೆ ಎಂದು ಗಂಡ ಸಭೆಗೆ ಹೇಳುತ್ತಿದ್ದದ್ದೂ ಇದನ್ನೇ. ಅವರು ದಾರಿ ತಪ್ಪಿರಲಿಲ್ಲ.

ಹಾಡು ಮುಗಿದರೆ ಆಮೆನ್ ಅನ್ನುವುದು ಈ ಜನಕ್ಕೆ ಮೊದಲಿನಿಂದ ಬಂದ ರೂಢಿ. ಪದ ನಿಂತದ್ದೇ ಹಿರಿಯರೊಬ್ಬರು ಬಾಯ್ತಪ್ಪಿ "ಆಮೆನ್" ಎಂದುಬಿಟ್ಟರು. ಅವರ ಹಿಂದೆ ಇಡೀ ಸಭೆಯೂ ಆಮೆನ್ ಎಂದಿತು. ಆಮೇಲೆ ನಾಲಗೆ ಕಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

ತಿಮ್ಮವ್ವನಿಗೆ ಅದೇನು ಗೊತ್ತು? ಭಜನೆಯವರಂತೆ ಹಿಮ್ಮೇಳ ಕೊಟ್ಟರೆಂದು ತಿಳಿದು, ಹಿಗ್ಗಿ ಎರಡನೆಯ ನುಡಿ ಎತ್ತಿಕೊಂಡಳು. ಅದು ಮುಗಿಯುತ್ತಲೇ ಸಭೆಯತ್ತ ತಲೆಯಾಡಿಸಿ ಹಿಮ್ಮೇಳಕ್ಕೆ ಕಾದಳು.

ಸಂಜೀವಕುಮಾರ್ ಈ ಸಲ ಹಿರಿಯರ ಕಡೆ ನೋಡಲಿಲ್ಲ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದರು.